ಹಾರ್ಫ್‌ಬಜ್ ಲೈಬ್ರರಿಯನ್ನು ನಾವೇ ಬಿಲ್ಡ್ ಮಾಡಿಕೊಳ್ಳೋದು

ಕನ್ನಡದ ಒತ್ತಕ್ಷರಗಳನ್ನು ಪರದೆ ಮೇಲೆ ಸರಿಯಾಗಿ ಕೂರಿಸುವ ಲೈಬ್ರರಿ ಹಾರ್ಫ್‌ಬಜ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲಾ ಕಡೆ ಇದೆ. ನಾನು ಫಾಂಟ್ ಪರೀಕ್ಷಿಸುವವನು, ಹಾಗಾಗಿ ಹೊಸ ಆವೃತ್ತಿ ಬಂದ ಕೂಡಲೇ ಬೇಕು. ಡಿಸ್ಟ್ರೋದವರು (ಉಬುಂಟುವಿನಂಥ ಲಿನಕ್ಸ್ ಹಂಚುವವರು) ಕೊಡೋವರೆಗೆ ಕಾಯೋಕಾಗಲ್ಲ. ಅದಕ್ಕೇ ಸೋರ್ಸ್ ಕೋಡ್‌ನಿಂದ ನಾವೇ ಬಿಲ್ಡ್ ಮಾಡೋದು.

ಉಬುಂಟುವಿನಲ್ಲಿ ಮೊದಲು ಕಂಪೈಲರ್, ಮೆಸನ್ (ಬಿಲ್ಡ್ ಕೆಲಸ ನಡೆಸುವ ಟೂಲ್), ಪಿಕೆಜಿ-ಕಾನ್ಫಿಗ್ (ಬೇಕಾದ ಲೈಬ್ರರಿ ಎಲ್ಲಿದೆ ಅಂತ ಹುಡುಕಿಕೊಡುವ ಟೂಲ್) ಹಾಕಿ. ಜೊತೆಗೆ ಫ್ರೀಟೈಪ್ (ಫಾಂಟ್ ಓದುವ ಲೈಬ್ರರಿ), ಜಿಲಿಬ್ (ಸಾಮಾನ್ಯ ಬಳಕೆಯ ಲೈಬ್ರರಿ), ಕೈರೋ (ಚಿತ್ರ ಬಿಡಿಸುವ ಲೈಬ್ರರಿ) ಮೂರರದ್ದೂ ‘ಡೆವ್’ ಪ್ಯಾಕೇಜ್, ಅಂದ್ರೆ ಬಿಲ್ಡ್‌ಗೆ ಬೇಕಾದ ಫೈಲ್‌ಗಳಿರುವ ಪ್ಯಾಕೇಜ್ ಬೇಕು. ಕೈರೋ ಇಲ್ಲದಿದ್ದರೂ ಮೆಸನ್ ತಕರಾರು ಮಾಡಲ್ಲ. ಸುಮ್ನೆ ‘ಎಚ್‌ಬಿ-ವ್ಯೂ’ ಟೂಲನ್ನು (ಫಾಂಟ್‌ನಲ್ಲಿ ಪಠ್ಯ ಬರೆದು ತೋರಿಸುವಂಥದ್ದು) ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ಹುಡುಕಾಡೋರು ನಾವು! ಅದಕ್ಕೇ ಸೆಟಪ್ ಕೊನೆಯಲ್ಲಿ ಏನೇನು ಸಿಕ್ಕಿತು ಅಂತ ಬರುವ ಪಟ್ಟಿಯನ್ನು ಓದಿ.

ಹಾರ್ಫ್‌ಬಜ್‌ನ ಸೋರ್ಸ್ ಕೋಡ್ ಇಳಿಸಿಕೊಂಡು, ಆ ಫೋಲ್ಡರ್‌ನಲ್ಲಿ ‘ಮೆಸನ್ ಸೆಟಪ್ ಬಿಲ್ಡ್’ ಕೊಡಿ. ನಂತರ ಅದೇ ಬಿಲ್ಡ್ ಫೋಲ್ಡರ್ ತೋರಿಸಿ ‘ಮೆಸನ್ ಕಂಪೈಲ್’, ‘ಮೆಸನ್ ಟೆಸ್ಟ್’, ಕೊನೆಗೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ‘ಮೆಸನ್ ಇನ್‌ಸ್ಟಾಲ್’. ಆದ ಮೇಲೆ ‘ಎಲ್‌ಡಿಕಾನ್ಫಿಗ್’ ಓಡಿಸಿ, ಹೊಸ ಲೈಬ್ರರಿ ಎಲ್ಲಿದೆ ಅಂತ ಸಿಸ್ಟಮ್‌ಗೆ ಗೊತ್ತಾಗುತ್ತದೆ. ಇಲ್ಲಾಂದ್ರೆ ಸಿಸ್ಟಮ್‌ನ ಹಳೇ ಲೈಬ್ರರಿಯೇ ಲೋಡ್ ಆಗಬಹುದು.

ಮ್ಯಾಕ್‌ನಲ್ಲೂ ಇದೇ ಕಮಾಂಡ್‌ಗಳು, ಬೇಕಾದ ಪ್ಯಾಕೇಜ್ ಮಾತ್ರ ಹೋಮ್‌ಬ್ರೂನಿಂದ (ಮ್ಯಾಕ್‌ಗೆ ಪ್ಯಾಕೇಜ್ ಹಾಕಿಕೊಡುವ ಟೂಲ್). ಸೆಟಪ್ ಕಮಾಂಡ್‌ಗೆ ಪ್ರಿಫಿಕ್ಸ್ (ಎಲ್ಲಿ ಇನ್‌ಸ್ಟಾಲ್ ಆಗಬೇಕು ಅನ್ನೋದು) ಕೊಟ್ಟು ಬೇರೆ ಫೋಲ್ಡರ್‌ಗೆ ಹಾಕಿಕೊಂಡರೆ ಹೋಮ್‌ಬ್ರೂದ್ದೇ ಹಾರ್ಫ್‌ಬಜ್ ಜೊತೆ ಗೊಂದಲ ಆಗಲ್ಲ. ವಿಂಡೋಸ್‌ನಲ್ಲಿ ಪೈಥಾನ್‌ನ ಪಿಪ್‌ನಿಂದ ಮೆಸನ್, ಜೊತೆಗೆ ಅದು ಬಳಸುವ ನಿಂಜಾ ಟೂಲ್ ಹಾಕಿ, ವಿಷುಯಲ್ ಸ್ಟುಡಿಯೋದ ಕಮಾಂಡ್ ಪ್ರಾಂಪ್ಟ್‌ನಲ್ಲೇ ಮಾಡಿ. ಮಾಮೂಲಿ ಪ್ರಾಂಪ್ಟ್‌ನಲ್ಲಿ ಕಂಪೈಲರ್ ಸಿಗದೇ ಹೋಗಬಹುದು. ಬರೀ ಲೈಬ್ರರಿ ಸಾಕು ಅನ್ನೋರಿಗೆ ವಿಸಿಪಿಕೆಜಿ (ಮೈಕ್ರೋಸಾಫ್ಟ್‌ನ ಲೈಬ್ರರಿ ಹಾಕಿಕೊಡುವ ಟೂಲ್) ಜಾಸ್ತಿ ಸುಲಭ.

ಕೊನೆಗೆ ಎಚ್‌ಬಿ-ವ್ಯೂಗೆ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟು ‘ಸ್ತ್ರೀ’ ಬರೆಸಿ. ತ ಒತ್ತು, ರ ಒತ್ತು ಎರಡೂ ಬರಬೇಕು, ಅರ್ಧಾಕ್ಷರದ ಗುರುತು (‘ಸ್’ನಲ್ಲಿ ಇರುವಂಥದ್ದು) ಎಲ್ಲೂ ಕಾಣಬಾರದು.