ಬ್ಲಾಕ್ ಇಲ್ಲ, ಆದರೂ ಏದುಸಿರು: ನಾನು ಕಿಡ್ನಿ ರಿಪೋರ್ಟ್ ನೋಡುವುದು ಇದಕ್ಕೇ

ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಕಾಣಲಿಲ್ಲ ಅಂದ ಮಾತ್ರಕ್ಕೆ ಹೃದಯಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆ ಅಂತಲ್ಲ. ಅದರಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಹರಿವನ್ನು ಹೆಚ್ಚು ಕಡಿಮೆ ಮಾಡುವುದು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣ ನಾಳಗಳು. ಕಿಡ್ನಿಯಲ್ಲಿ ರಕ್ತ ಸೋಸುವ ಕೆಲಸವೂ ತೀರಾ ಸಣ್ಣ ನಾಳಗಳದ್ದೇ. ಶುಗರ್, ಬಿಪಿ ಎರಡೂ ಕಡೆ ಒಟ್ಟಿಗೇ ಪೆಟ್ಟು ಕೊಡುತ್ತವೆ. ಹಾಗಾಗಿ ಹೃದಯದ ಡಾಕ್ಟರ್ ಆದರೂ ನಾನು ಮೊದಲು ಕೇಳುವುದು ಕಿಡ್ನಿ ರಿಪೋರ್ಟ್.

ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಅಂತ ಒಂದನ್ನೇ ನೋಡಿ ಸುಮ್ಮನಾಗುವುದಿಲ್ಲ. 25 ವರ್ಷದ ಹುಡುಗನಿಗೆ 1.2 ಬಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಅಂದರೆ ಇಜಿಎಫ್‌ಆರ್ 86ರ ಆಸುಪಾಸು. ಅದೇ 1.2 ಎಪ್ಪತ್ತರ ಅಜ್ಜಿಗೆ ಬಂದರೆ 50ಕ್ಕಿಂತ ಕೆಳಗೆ! ಮೂರು ತಿಂಗಳಾದರೂ 60 ದಾಟದಿದ್ದರೆ ಅದು ಕಿಡ್ನಿ ಕಾಯಿಲೆಯೇ. ಮೂತ್ರಕ್ಕೆ ಸೋರುವ ಅಲ್ಬುಮಿನ್ ಅನ್ನುವ ಪ್ರೋಟೀನ್ ಕೂಡ ನೋಡಲೇಬೇಕು. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ, ಇಜಿಎಫ್‌ಆರ್ ಚೆನ್ನಾಗಿದ್ದರೂ ನನಗೆ ಹೃದಯದ ಸಣ್ಣ ನಾಳಗಳ ಮೇಲೆ ಅನುಮಾನ ಬರುತ್ತದೆ.

ಅರವತ್ತು ದಾಟಿದ ಒಬ್ಬ ತಾಯಿ ಬಂದಿದ್ದರು. ಶುಗರ್ ಇತ್ತು. ಎದೆನೋವಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಮೂತ್ರದಲ್ಲಿ ಅಲ್ಬುಮಿನ್ ಜಾಸ್ತಿ. ಆಂಜಿಯೋಗ್ರಾಮ್ ಪೂರ್ತಿ ಕ್ಲಿಯರ್. "ಹಾಗಾದ್ರೆ ಇದು ಬರೀ ಭಯಾನಾ ಡಾಕ್ಟ್ರೇ?" ಅಂದರು. ಅದೇ ಟೇಬಲ್ ಮೇಲೆ ಹರಿವನ್ನೂ ಅಳೆದೆ. ತುದಿಯ ಹತ್ತಿರ ಸೆನ್ಸರ್ ಇರುವ ಕೂದಲಿನಂಥ ತಂತಿಯನ್ನು ನಾಳದೊಳಗೆ ಬಿಟ್ಟು, ಮೂರು ಸಲ ಸ್ವಲ್ಪ ಸ್ವಲ್ಪ ಸಲೈನ್ ಹಾಯಿಸುತ್ತೇವೆ. ಅದು ಸೆನ್ಸರ್ ಮುಟ್ಟಲು ಹಿಡಿಯುವ ಸಮಯವೇ ಲೆಕ್ಕ. ಆಮೇಲೆ ಸಣ್ಣ ನಾಳಗಳನ್ನು ಹಿಗ್ಗಿಸಿ ಹರಿವು ಹೆಚ್ಚಿಸುವ ಅಡೆನೋಸಿನ್ ಔಷಧಿ ಕೊಟ್ಟು ಮತ್ತೆ ಅದನ್ನೇ ಮಾಡುತ್ತೇವೆ. "ಅಮ್ಮಾ, ಈಗ ಸ್ವಲ್ಪ ಹೊತ್ತು ಎದೆ ಬಿಗಿ ಹಿಡಿದ ಹಾಗಾಗುತ್ತೆ. ಔಷಧಿ ನಿಲ್ಲಿಸಿದ ತಕ್ಷಣ ಹೋಗುತ್ತೆ," ಅಂತ ಮೊದಲೇ ಹೇಳಿದೆ. ಹೇಳದಿದ್ದರೆ ಪಾಪ, ಹಾರ್ಟ್ ಅಟ್ಯಾಕೇ ಆಯಿತು ಅಂದುಕೊಳ್ಳುತ್ತಾರೆ.

ಮೊದಲು 0.9 ಸೆಕೆಂಡ್, ಆಮೇಲೆ 0.5. ಅಂದರೆ ಹರಿವು 1.8 ಪಟ್ಟು ಮಾತ್ರ ಹೆಚ್ಚಿತ್ತು. ಆರೋಗ್ಯವಂತರಲ್ಲಿ ಮೂರು ನಾಲ್ಕು ಪಟ್ಟು ಏರುತ್ತದೆ. ಅವರ ಏದುಸಿರು ಭಯದ್ದಲ್ಲ, ಸಣ್ಣ ನಾಳಗಳದ್ದು.

ಇನ್ನು ಆಂಜಿಯೋಗ್ರಾಮ್ ವೇಳೆ ನಾಳ ಕಾಣಲೆಂದು ಬಿಡುವ ಡೈ ವಿಷಯ. ಅದು ಕಿಡ್ನಿಗೆ ತೊಂದರೆ ಕೊಡಬಹುದು. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದವರಿಗೆ ಮುಂಚೆ, ಆಮೇಲೆ ಸಲೈನ್ ಕೊಡುತ್ತೇನೆ. ಡೈ ಎಷ್ಟು ಸಾಧ್ಯವೋ ಅಷ್ಟು ಕಡಿಮೆ. ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಮತ್ತೆ ನೋಡುತ್ತೇನೆ. ಆದರೆ ಕಿಡ್ನಿಗೆ ಹೆದರಿ ಅಗತ್ಯವಿರುವ ಆಂಜಿಯೋಗ್ರಾಮ್ ತಪ್ಪಿಸುವುದನ್ನು ನಾನು ಒಪ್ಪುವುದಿಲ್ಲ. ಕಿಡ್ನಿ ಕಾಯಿಲೆ ಇರುವವರಿಗೇ ಅಲ್ವಾ ಹೃದಯದ ಅಪಾಯ ಜಾಸ್ತಿ?

ಸಣ್ಣ ನಾಳಗಳಿಗೆ ಸ್ಟೆಂಟ್ ಹಾಕಲಾಗದು. ಆ ತಾಯಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಇಳಿಸುವ ಟೆಲ್ಮಿಸಾರ್ಟನ್, ಶುಗರ್ ಇಳಿಸುವ ಡಾಪಾಗ್ಲಿಫ್ಲೋಜಿನ್ ಶುರುಮಾಡಿ, ಕಿಡ್ನಿಗೆ ಪೆಟ್ಟು ಕೊಡುವ ನೋವಿನ ಮಾತ್ರೆ ನಿಲ್ಲಿಸಿದೆ. ಎರಡು ವಾರ ಬಿಟ್ಟು ನೋಡಿದರೆ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಮನೆಯವರು ಗಾಬರಿಯಾದರು. ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್ ಶುರುಮಾಡಿದಾಗ ಶೇ. 30ರೊಳಗಿನ ಏರಿಕೆ ಸಾಮಾನ್ಯ. ಟೆಲ್ಮಿಸಾರ್ಟನ್ ಏರಿಸಬಹುದಾದ ಪೊಟ್ಯಾಶಿಯಂ ಕೂಡ ಸರಿಯಿತ್ತು. ಮಾತ್ರೆ ಮುಂದುವರಿಸಿದೆ.