ಪುಸ್ತಕದಲ್ಲಿ 1967, ಲೋಹದ ಮೇಲೆ 1965: ಹಳೆಯ ಬೀಟಲ್ ಒಂದರ ಹುಟ್ಟಿದ ದಿನ ಹುಡುಕಿದ ನನ್ನ ಅನುಭವ

ಹಳೆಯ ಕಾರು ಮನೆಗೆ ಬಂದ ತಕ್ಷಣ ಕೈ ಸುಮ್ಮನಿರುವುದಿಲ್ಲ. ಎಮರಿ ಪೇಪರ್ ತೆಗೆದುಕೊಂಡು ತುಕ್ಕು ಉಜ್ಜೋಣ, ಸೀಟು ಬಿಚ್ಚೋಣ, ಬಣ್ಣ ಕೆರೆಯೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಮೊದಲು ಕಾರನ್ನು ಓದಿ. ಅದು ಯಾವಾಗ ತಯಾರಾಯಿತು ಅನ್ನುವುದಕ್ಕೆ ಸಾಕ್ಷಿ ಇರುವುದು ಕೊಳೆ, ಹಳೆಯ ಬಣ್ಣ, ತಗಡಿನ ಮೂಲೆಗಳಲ್ಲೇ. ನಾವು ಮೊದಲ ವಾರದ ಉತ್ಸಾಹದಲ್ಲಿ ಅಳಿಸಿ ಹಾಕುವುದೂ ಅದನ್ನೇ.

ನನ್ನದು ಫೋಕ್ಸ್‌ವ್ಯಾಗನ್ ಬೀಟಲ್. ಜೊತೆಗೆ ಬಂದ ನೋಂದಣಿ ಪುಸ್ತಕದಲ್ಲಿ 1967 ಎಂದಿತ್ತು. ಆದರೆ ಡ್ಯಾಶ್‌ಬೋರ್ಡು, ಗಾಜಿನ ಮುಚ್ಚಳವಿರುವ ಓರೆ ಹೆಡ್‌ಲೈಟು, ಬಾಗಿಲ ಒಳಗಿನ ಸಾಮಾನು ಯಾವುದೂ ಒಂದೇ ಕಥೆ ಹೇಳುತ್ತಿರಲಿಲ್ಲ. ಪುಸ್ತಕದಲ್ಲಿರುವ ವರ್ಷ ಬಹಳ ಸಲ ಕಾರು ತಯಾರಾದ ವರ್ಷವೇ ಅಲ್ಲ. ಅದು ಆ ಪುಸ್ತಕ ಬರೆದ ಕಚೇರಿಯಲ್ಲಿ ಮೊದಲ ಸಲ ನೋಂದಣಿಯಾದ ವರ್ಷ ಆಗಿರಬಹುದು. ಕಾರು ಷೋರೂಮಿನಲ್ಲಿ ನಿಂತಿರಬಹುದು, ಹಡಗು ಹತ್ತಿ ಬಂದಿರಬಹುದು, ಮೊದಲ ಪುಸ್ತಕ ಕಳೆದು ಎರಡನೆಯದು ಮಾಡಿಸಿರಬಹುದು. ನನ್ನ ಕೈಗೆ ಬಂದದ್ದು ಎರಡನೆಯ ಪುಸ್ತಕ ಅಂತ ಹಿಂದಿನ ಮಾಲೀಕರೇ ಹೇಳಿದ್ದರು. ಹಾಗಾಗಿ ಅದನ್ನು ಪಕ್ಕಕ್ಕಿಟ್ಟು ಲೋಹದ ಕಡೆ ತಿರುಗಿದೆ.

ಬೀಟಲ್‌ನಲ್ಲಿ ಚಾಸಿ ನಂಬರ್ ಇರುವುದು ಹಿಂದಿನ ಸೀಟಿನ ಕೆಳಗೆ. ಕಾರಿನ ನಡುವೆ ಉದ್ದಕ್ಕೆ ಹೋಗುವ ಉಬ್ಬು ಇದೆಯಲ್ಲ, ಆ ಟನಲ್ ಮೇಲೆ ಹೊಡೆದಿರುತ್ತಾರೆ. ಸೀಟು ಎತ್ತಿದಾಗ ಅಲ್ಲಿ ಕಂಡದ್ದು ಗಟ್ಟಿಯಾದ ಟಾರು, ಧೂಳು, ಅದರ ಮೇಲೆ ಯಾರೋ ಬಳಿದ ಕಪ್ಪು ಪೇಂಟು. ಇಲ್ಲಿ ಗ್ರೈಂಡರ್ ಅಥವಾ ತಂತಿ ಬ್ರಷ್ ಮುಟ್ಟಿಸಬಾರದು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಹಾಕಿ ಬಿಟ್ಟೆ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿದೆ, ಮತ್ತೆ ನೆನೆಸಿದೆ. ಅಂಕಿಗಳು ಕಾಣತೊಡಗಿದ ಮೇಲೆ ಮೇಲೊಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಫೋಟೋದಲ್ಲಿ 3 ಮತ್ತು 8 ಒಂದೇ ತರ ಕಾಣುತ್ತವೆ, ಪೆನ್ಸಿಲ್ ಅಚ್ಚಿನಲ್ಲಿ ಹಾಗಾಗುವುದಿಲ್ಲ.

ನಂಬರ್ 116ರಿಂದ ಶುರುವಾಗಿತ್ತು. ಅಷ್ಟು ಸಾಕಿತ್ತು ಅರ್ಧ ಉತ್ತರಕ್ಕೆ. 1965ರ ಮಾಡೆಲ್‌ನಿಂದ ಬೀಟಲ್‌ನ ನಂಬರ್ ಬರೆಯುವ ಕ್ರಮ ಹೀಗೆ: ಮೊದಲ ಎರಡು ಅಂಕಿ ಕಾರಿನ ಬಗೆ, 11 ಅಂದರೆ ಮಾಮೂಲಿ ಬೀಟಲ್, 15 ಅಂದರೆ ಮಡಚುವ ಛಾವಣಿಯದು. ಮೂರನೆಯ ಅಂಕಿ ಮಾಡೆಲ್ ವರ್ಷ, 6 ಅಂದರೆ 1966. ಉಳಿದದ್ದು ಸರಣಿ ಸಂಖ್ಯೆ. 1970ರ ಮಾಡೆಲ್‌ನಿಂದ ಮೂರನೆಯ ಅಂಕಿಯ ನಂತರ ಒಂದು 2 ಸೇರಿಸಿದರು, ಇಲ್ಲದಿದ್ದರೆ ಹತ್ತು ವರ್ಷ ಕಳೆದ ಮೇಲೆ ಅದೇ ಅಂಕಿ ಮತ್ತೆ ಬಂದು ಗೊಂದಲ ಆಗುತ್ತಿತ್ತು. 1964ರ ಮಾಡೆಲ್‌ವರೆಗೆ ಮಾತ್ರ ಬರೀ ಸರಣಿ ಸಂಖ್ಯೆ, ವರ್ಷದ ಸುಳಿವೇ ಇಲ್ಲ.

ಇಲ್ಲೊಂದು ವಿಷಯ ಗಮನದಲ್ಲಿರಬೇಕು. ಮಾಡೆಲ್ ವರ್ಷವೂ ಕ್ಯಾಲೆಂಡರ್ ವರ್ಷವೂ ಒಂದೇ ಅಲ್ಲ. ಫೋಕ್ಸ್‌ವ್ಯಾಗನ್‌ನಲ್ಲಿ ಹೊಸ ಮಾಡೆಲ್ ಶುರುವಾಗುತ್ತಿದ್ದುದು ಆಗಸ್ಟ್‌ನಲ್ಲಿ, ಬೇಸಿಗೆ ರಜೆ ಮುಗಿದು ಕಾರ್ಖಾನೆ ತೆರೆದ ಮೇಲೆ. ಅಂದರೆ 1966ರ ಮಾಡೆಲ್ ಕಾರು 1965ರ ಆಗಸ್ಟ್‌ನಿಂದ 1966ರ ಜುಲೈ ನಡುವೆ ಯಾವಾಗ ಬೇಕಾದರೂ ತಯಾರಾಗಿರಬಹುದು. ಪುಸ್ತಕದ 1967 ಅಲ್ಲಿಗೇ ಬಿದ್ದುಹೋಯಿತು. ನನ್ನ ಕಾರಿನ ಸರಣಿ ಸಂಖ್ಯೆ ಆ ವರ್ಷದ ಮೊದಲ ಅರ್ಧದೊಳಗೆ ಬರುತ್ತಿತ್ತು. ಹಾಗಾಗಿ 1965ರ ಕೊನೆಯ ತಿಂಗಳುಗಳು ಅಂತ ಊಹೆ.

ಆದರೆ ಚಾಸಿ ನಂಬರ್ ಹೇಳುವುದು ಚಾಸಿಯ ವಯಸ್ಸನ್ನು ಮಾತ್ರ! ಬೀಟಲ್‌ನಲ್ಲಿ ಬಾಡಿ ಬೇರೆ, ಚಾಸಿ ಬೇರೆ, ಎರಡನ್ನೂ ಬೋಲ್ಟು ಹಾಕಿ ಕೂಡಿಸಿರುತ್ತಾರೆ. ಒಂದು ಕಾರಿನ ಬಾಡಿಯನ್ನು ಇನ್ನೊಂದರ ಚಾಸಿ ಮೇಲೆ ಕೂರಿಸುವುದು ಕಷ್ಟವೇ ಅಲ್ಲ, ಎಷ್ಟೋ ಜನ ಮಾಡಿದ್ದಾರೆ. ಅದಕ್ಕೇ ಮುಂದಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಹಿಂದೆ, ರಿವೆಟ್ ಹೊಡೆದು ಕೂರಿಸಿರುವ ತಗಡಿನ ಫಲಕವನ್ನು ನೋಡಬೇಕು. ಅಲ್ಲಿಯೂ ಅದೇ ನಂಬರ್ ಇರಬೇಕು. ನನ್ನದರಲ್ಲಿ ಎರಡೂ ಒಂದೇ ಇತ್ತು. ರಿವೆಟ್‌ಗಳನ್ನೂ ಹತ್ತಿರದಿಂದ ನೋಡಿದೆ, ಅವುಗಳ ತಲೆಯ ಮೇಲಿದ್ದ ಬಣ್ಣವೂ ಸುತ್ತಲಿನ ಬಣ್ಣವೂ ಒಂದೇ ಪದರವಾಗಿ ಹರಿದಿತ್ತು. ಫಲಕವನ್ನು ಆಮೇಲೆ ಯಾರೂ ಬಿಚ್ಚಿ ಹಾಕಿಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿರಲಿಲ್ಲ.

ಎಂಜಿನ್ ಮಾತ್ರ ಬೇರೆ ಕಾರಿನದ್ದು. ಅದರ ನಂಬರ್ ಡೈನಮೋ ಕೂರುವ ಕಂಬದ ಕೆಳಗೆ, ಕ್ರ್ಯಾಂಕ್‌ಕೇಸ್ ಮೇಲೆ, ಅಂದರೆ ಎಂಜಿನ್‌ನ ಲೋಹದ ಕವಚದ ಮೇಲೆ ಇರುತ್ತದೆ. ಮುಂದೆ ಒಂದು ಅಕ್ಷರ ಇರುತ್ತದೆ, ಅದೇ ಮುಖ್ಯ. 1965ರ ಆಗಸ್ಟ್‌ನಲ್ಲಿ ಬಂದ 1300 ಎಂಜಿನ್‌ಗೆ ಎಫ್, 1966ರ ಆಗಸ್ಟ್‌ನಲ್ಲಿ ಬಂದ 1500 ಎಂಜಿನ್‌ಗೆ ಎಚ್. ನನ್ನದರಲ್ಲಿ ಇದ್ದದ್ದು ಎಚ್. ಹಿಂದಿನ ಮುಚ್ಚಳದ ಮೇಲೆ 1300 ಅಂತ ಬರೆದಿದೆ, ಒಳಗಿರುವುದು 1500. ಈ ಎಂಜಿನ್ ಕಾರಿಗಿಂತ ಚಿಕ್ಕದು, ವಯಸ್ಸಿನಲ್ಲಿ. ಬೀಟಲ್ ಎಂಜಿನ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿರುವುದು ನಾಲ್ಕೇ ಬೋಲ್ಟಿನಿಂದ, ಆದ್ದರಿಂದ ಬದಲಾಯಿಸದೆ ಉಳಿದಿರುವ ಎಂಜಿನ್ ಸಿಕ್ಕಿದರೆ ಅದೇ ಅಪರೂಪ.

ಎಂಜಿನ್ ಇಳಿಸಿದಾಗ ಇನ್ನೊಂದು ಕಂಡಿತು. ಗೇರ್‌ಬಾಕ್ಸಿನ ಗಂಟೆ ಆಕಾರದ ಬಾಯಿಯೊಳಗೆ ಲೋಹವನ್ನು ಒರಟಾಗಿ ಕೆತ್ತಿದ ಗುರುತು. ಈ ಕಾರು ಕಾರ್ಖಾನೆಯಿಂದ ಬಂದದ್ದು 6 ವೋಲ್ಟ್ ವಿದ್ಯುತ್ ವ್ಯವಸ್ಥೆಯಲ್ಲಿ, ಅದರ ಫ್ಲೈವೀಲ್‌ಗೆ, ಅಂದರೆ ಎಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರಕ್ಕೆ, 109 ಹಲ್ಲು. 12 ವೋಲ್ಟ್‌ನದಕ್ಕೆ 130 ಹಲ್ಲು, ಅದು ದೊಡ್ಡದು, ಹಳೆಯ ಗೇರ್‌ಬಾಕ್ಸ್ ಒಳಗೆ ಕೂರುವುದಿಲ್ಲ. ಯಾರೋ ಕೂತು ಜಾಗ ಮಾಡಿಕೊಂಡಿದ್ದಾರೆ. ಅಂದರೆ ಗೇರ್‌ಬಾಕ್ಸ್ 6 ವೋಲ್ಟ್ ಕಾಲದ್ದು, ಎಂಜಿನ್ ಬದಲಾದಾಗ 12 ವೋಲ್ಟ್‌ಗೂ ಬದಲಾಯಿಸಿದ್ದಾರೆ. ಎರಡು ದೊಡ್ಡ ಕೆಲಸ ಒಂದೇ ಸಲ ಆಗಿದೆ ಅಂತ ಆ ಕೆತ್ತಿದ ಗುರುತೇ ತಿಳಿಸಿತು.

ಇನ್ನು ಚಿಕ್ಕ ಚಿಕ್ಕ ಭಾಗಗಳು. ನನಗೆ ಅತಿ ಇಷ್ಟವಾದ ಭಾಗ ಇದು. ಸ್ಪೀಡೋಮೀಟರ್ ಮಾಡಿದ್ದು ವಿಡಿಒ ಕಂಪನಿ, ಅದನ್ನು ಹೊರಗೆ ತೆಗೆದರೆ ತಗಡಿನ ಡಬ್ಬಿಯ ಮೇಲೆ ತಿಂಗಳು ಮತ್ತು ವರ್ಷ ಹೊಡೆದಿರುತ್ತದೆ. ನನ್ನದರಲ್ಲಿ 1965ರ ಅಕ್ಟೋಬರ್. ಚಕ್ರದ ಡಿಸ್ಕ್‌ಗಳ ಮೇಲೂ ತಾರೀಕು ಇರುತ್ತದೆ, ಬಣ್ಣದ ಕೆಳಗೆ ಹೂತುಹೋಗಿರುತ್ತದೆ ಅಷ್ಟೆ. ರಸ್ತೆ ಮೇಲೆ ಓಡಿದ ನಾಲ್ಕೂ ಚಕ್ರ ಬೇರೆ ಬೇರೆ ವರ್ಷದವು, ಒಂದರಲ್ಲಂತೂ ಸುತ್ತಲಿನ ರಂಧ್ರಗಳೇ ಇಲ್ಲ, ಅದು 1966ರ ಮಾಡೆಲ್‌ಗಿಂತ ಹಿಂದಿನದು. ಆದರೆ ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿಯಲ್ಲಿ 1965ರ ಸೆಪ್ಟೆಂಬರ್ ಇತ್ತು. ಹಳೆಯ ಕಾರಿನಲ್ಲಿ ಸ್ಟೆಪ್ನಿಯನ್ನು ತಪ್ಪದೆ ನೋಡಿ. ಜಾಸ್ತಿ ಬಳಕೆಯಾಗದ ಭಾಗವೇ ಜಾಸ್ತಿ ನಿಜ ಹೇಳುತ್ತದೆ.

ಗಾಜುಗಳ ಮೂಲೆಯ ಮುದ್ರೆಯನ್ನೂ ಹೋಲಿಸಿದೆ. ಮುಂದಿನದನ್ನು ಬಿಟ್ಟು ಎಲ್ಲದರ ಮೇಲೂ ಒಬ್ಬನೇ ತಯಾರಕನ ಗುರುತು. ಮುಂದಿನ ಗಾಜು ಒಮ್ಮೆ ಒಡೆದಿದೆ ಅಂತ ಅರ್ಥ.

ಹೀಗೆ ತಾರೀಕು ಕೂಡಿಸುವಾಗ ಒಂದು ನಿಯಮ ಇಟ್ಟುಕೊಂಡೆ. ಭಾಗದ ಮೇಲಿನ ತಾರೀಕು ಆ ಭಾಗ ತಯಾರಾದ ದಿನದ್ದು, ಕಾರಿನದ್ದಲ್ಲ. ಭಾಗ ತಯಾರಾಗಿ, ಕಾರ್ಖಾನೆಗೆ ಬಂದು, ಜೋಡಣೆಯಾಗುವ ಹೊತ್ತಿಗೆ ಕೆಲವು ವಾರ ಆಗಿರುತ್ತದೆ. ಆದ್ದರಿಂದ ಮೂಲ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸ ತಾರೀಕು ಯಾವುದೋ, ಕಾರು ಅದಕ್ಕಿಂತ ಹಿಂದೆ ಹುಟ್ಟಿರಲಾರದು. ಒಂದು ತಾರೀಕನ್ನು ನಂಬಬೇಡಿ. ಹಲವು ಭಾಗಗಳು ಒಂದೇ ಕಡೆ ಗುಂಪಾಗಿ ಬಂದರೆ ನಂಬಿ. ಗುಂಪಿನಿಂದ ದೂರ ನಿಂತದ್ದು ಆಮೇಲೆ ಬದಲಾಯಿಸಿದ್ದು. ನನ್ನ ಲೆಕ್ಕದಲ್ಲಿ ಗುಂಪು ಬಿದ್ದದ್ದು 1965ರ ಸೆಪ್ಟೆಂಬರ್, ಅಕ್ಟೋಬರ್ ಸುತ್ತ. ಹಾಗಾದರೆ ಕಾರು ನವೆಂಬರ್ ಹೊತ್ತಿಗೆ ತಯಾರಾಗಿರಬೇಕು ಅಂತ ಬರೆದಿಟ್ಟೆ.

ಆಮೇಲೆ ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿರುವ ಫೋಕ್ಸ್‌ವ್ಯಾಗನ್ ಆಟೋಮ್ಯೂಸಿಯಂಗೆ ಬರೆದೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಅವರು ಹಳೆಯ ದಾಖಲೆ ನೋಡಿ ಒಂದು ಪ್ರಮಾಣಪತ್ರ ಕೊಡುತ್ತಾರೆ, ಬೀಟಲ್ ಇಟ್ಟುಕೊಂಡವರು ಇದನ್ನು ಜನ್ಮಪತ್ರ ಅಂತಲೇ ಕರೆಯುತ್ತಾರೆ. ತಯಾರಾದ ದಿನ, ಕಾರ್ಖಾನೆ ಬಿಟ್ಟ ದಿನ, ಯಾವ ಕಡೆಗೆ ಹೋಯಿತು, ಮೂಲ ಬಣ್ಣ, ಸೀಟಿನ ಬಟ್ಟೆ, ಹೆಚ್ಚಿನ ಸೌಲಭ್ಯಗಳು, ಇಷ್ಟೂ ಅದರಲ್ಲಿರುತ್ತದೆ. ನನ್ನದರಲ್ಲಿ ಬಂದ ತಿಂಗಳು 1965ರ ನವೆಂಬರ್! ಪತ್ರ ಕೈಗೆ ಬಂದ ದಿನ ಎಷ್ಟು ಸಂತೋಷವಾಯಿತು ಅಂದರೆ, ಅದನ್ನು ತೆಗೆದುಕೊಂಡು ಹೋಗಿ ಕಾರಿನ ಪಕ್ಕದಲ್ಲೇ ಕೂತು ಓದಿದೆ. ಬೇರೆ ಕಾರಿನವರಿಗೂ ಇಂಥ ದಾರಿ ಇದೆ. ಮೋರಿಸ್, ಆಸ್ಟಿನ್, ಎಂಜಿಯಂಥ ಬ್ರಿಟಿಷ್ ಕಾರುಗಳ ದಾಖಲೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್‌ನಲ್ಲಿದೆ. ಬಿಡಿ ಭಾಗಗಳ ಕಿಟ್ ಆಗಿ ಹೋಗಿ ಇನ್ನೊಂದು ದೇಶದಲ್ಲಿ ಜೋಡಣೆಯಾದ ಬೀಟಲ್ ನಿಮ್ಮದಾದರೆ, ಜರ್ಮನಿಯ ದಾಖಲೆಯ ದಿನಕ್ಕೂ ಕಾರು ಓಡಲು ಶುರುವಾದ ದಿನಕ್ಕೂ ತಿಂಗಳುಗಟ್ಟಲೆ ಅಂತರ ಇರಬಹುದು, ಅದು ತಿಳಿದಿರಲಿ.

ತಾರೀಕು ಸಿಕ್ಕಿದ ಮೇಲೆ ದುರಸ್ತಿ ಸುಲಭವಾಯಿತು. ಕೆಲಸ ಕಡಿಮೆ ಆಗಲಿಲ್ಲ, ತೀರ್ಮಾನ ಸುಲಭವಾಯಿತು. 1966ರ ಮಾಡೆಲ್ ಅಂದರೆ ಮುಂದಿನ ಆಕ್ಸಲ್‌ನಲ್ಲಿ ಚಕ್ರ ಹೊರಳುವುದು ಬಾಲ್ ಜಾಯಿಂಟ್ ಎಂಬ ಗುಂಡು ಕೀಲಿನ ಮೇಲೆ, ಹಿಂದಿನ ವರ್ಷಗಳ ಕಿಂಗ್ ಪಿನ್ ಎಂಬ ಉದ್ದ ಪಿನ್ನಿನ ಮೇಲೆ ಅಲ್ಲ. ಡ್ಯಾಶ್‌ಬೋರ್ಡಿನ ನಡುವೆ ಗಾಜಿಗೆ ಗಾಳಿ ಬಿಡುವ ಮೂರನೆಯ ಸೀಳು ಇರಬೇಕು, ಹೆಡ್‌ಲೈಟ್ ಡಿಮ್ ಮಾಡುವ ಸ್ವಿಚ್ಚು ಕಾಲ ಬಳಿ ಅಲ್ಲ, ಸ್ಟಿಯರಿಂಗ್ ಬಳಿ ಇರಬೇಕು. ಯಾವ ಭಾಗ ತರಿಸಬೇಕು ಅಂತ ಅಂಗಡಿಯವರಿಗೆ ಹೇಳಲು ಈಗ ಸಂಶಯವೇ ಇರಲಿಲ್ಲ.

ಕೆಟ್ಟದ್ದು ತುಕ್ಕು. ಬೀಟಲ್‌ನ ಬಾಗಿಲ ಕೆಳಗಿನ ಪೆಟ್ಟಿಗೆಗಳಲ್ಲಿ ಎಂಜಿನ್‌ನ ಬಿಸಿ ಗಾಳಿ ಹರಿಯುತ್ತದೆ, ಬಾಡಿಗೆ ಗಟ್ಟಿತನ ಕೊಡುವುದೂ ಅವೇ. ಒಳಗಿನಿಂದಲೇ ಕೊಳೆಯುತ್ತವೆ. ಹೊರಗೆ ಪುಟ್ಟಿ ಹಚ್ಚಿ ನುಣುಪು ಮಾಡಿದ್ದರು, ಸ್ಕ್ರೂಡ್ರೈವರ್ ಚುಚ್ಚಿದರೆ ಸೀದಾ ಒಳಗೆ. ಬ್ಯಾಟರಿ ಕೂರುವ ಜಾಗ, ಹಿಂದಿನ ಸೀಟಿನ ಬಲಗಡೆ ಕೆಳಗೆ, ಆಸಿಡ್ ಬಿದ್ದು ಜಾಲರಿಯಾಗಿತ್ತು. ಬಾಡಿ ಎತ್ತುವ ಮೊದಲು ಎರಡೂ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಪೈಪು ವೆಲ್ಡ್ ಮಾಡಿಸಿದೆ. ಇದನ್ನು ಬಿಟ್ಟರೆ ಪೆಟ್ಟಿಗೆ ಕತ್ತರಿಸಿದ ಕೂಡಲೇ ಬಾಡಿ ಜಗ್ಗುತ್ತದೆ, ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ನೆಲದ ತಗಡನ್ನು ಎಡಭಾಗ ಬಲಭಾಗ ಅಂತ ಹೊಸದಾಗಿ ಹಾಕಿಸಿದೆ. ಟನಲ್ ಮಾತ್ರ ಹಾಗೇ. ನಂಬರ್ ಇರುವ ಜಾಗಕ್ಕೆ ವೆಲ್ಡಿಂಗ್ ಕಿಡಿ ಕೂಡ ಬೀಳದಂತೆ ಮುಚ್ಚಿಟ್ಟಿದ್ದೆ.

ಬಣ್ಣದ ವಿಷಯದಲ್ಲಿ ಮೊದಲೇ ಅನುಮಾನ ಇತ್ತು. ಕಾರು ಬಂದಾಗ ಹಳದಿ. ಆದರೆ ಆ್ಯಶ್‌ಟ್ರೇ ತೆಗೆದ ಜಾಗದಲ್ಲಿ, ಕಿಟಕಿ ರಬ್ಬರಿನ ಕೆಳಗೆ, ಬಾಗಿಲ ಒಳಹಲಗೆಯ ಹಿಂದೆ ಕಡುನೀಲಿ. ದುಬಾರಿ ಪೇಂಟ್ ಕೆಲಸದಲ್ಲೂ ಈ ಮೂರು ಜಾಗ ತಪ್ಪಿಹೋಗುತ್ತವೆ. ಜನ್ಮಪತ್ರದಲ್ಲಿ ಬಂದದ್ದು ಎಲ್ 360, ಸೀ ಬ್ಲೂ. ಕೋಡ್ ಸಿಕ್ಕಿದರೂ ಬಣ್ಣ ಕಲಸುವವರಿಗೆ ಆ್ಯಶ್‌ಟ್ರೇ ಹಿಂದಿನ ಬಿಸಿಲು ಕಾಣದ ಜಾಗವನ್ನೇ ತೋರಿಸಿದೆ. ಅಲ್ಲಿಗೆ ಹೊಸ ಬಣ್ಣ ಮುಟ್ಟಿಸಲು ಬಿಡಲಿಲ್ಲ, ಮುಂದೆ ಯಾರಾದರೂ ಹುಡುಕಿದರೆ ಅವರಿಗೂ ಸಿಗಬೇಕು ಅಲ್ವಾ.

ಎಂಜಿನ್ ಬಗ್ಗೆ ಬಹಳ ಜನ ಕೇಳುತ್ತಾರೆ, ಎಫ್ ನಂಬರಿನ 1300 ತಂದು ಹಾಕಬಾರದೇ ಅಂತ. ಹಾಕಬಹುದು. ಆದರೆ ಅದೂ ಬೇರೆ ಕಾರಿನದ್ದೇ ಆಗಿರುತ್ತದೆ. ಇನ್ನು ಖಾಲಿ ಕ್ರ್ಯಾಂಕ್‌ಕೇಸ್ ಮೇಲೆ ಬೇಕಾದ ನಂಬರ್ ಹೊಡೆಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಮೋಸ, ಎಷ್ಟು ಚೆನ್ನಾಗಿ ಮಾಡಿದರೂ ಮೋಸವೇ. ಈ 1500 ಈ ಕಾರನ್ನು ಎಷ್ಟೋ ವರ್ಷ ಓಡಿಸಿದೆ. ಪಿಸ್ಟನ್, ಸಿಲಿಂಡರ್, ಬೇರಿಂಗ್ ಹೊಸದು ಹಾಕಿ ಅದನ್ನೇ ಕಟ್ಟಿಸಿದೆ. 12 ವೋಲ್ಟ್ ಕೂಡ ಉಳಿಸಿಕೊಂಡೆ, ರಾತ್ರಿ ದೀಪ ಚೆನ್ನಾಗಿ ಉರಿಯಬೇಕು ಅನ್ನುವುದು ಅದಕ್ಕೆ ಕಾರಣ. ಹಿಂದಿನ ಮುಚ್ಚಳದ 1300 ಬರಹ ಅಲ್ಲೇ ಇದೆ, ಕಾರು ಹುಟ್ಟಿದ್ದು ಹಾಗೆ. ಜೊತೆಗೊಂದು ಫೈಲ್ ಮಾಡಿದ್ದೇನೆ: ಜನ್ಮಪತ್ರ, ಪೆನ್ಸಿಲ್ ಅಚ್ಚು, ಪ್ರತಿ ತಾರೀಕಿನ ಫೋಟೋ, ಮೂಲ ಭಾಗ ಯಾವುದು, ನಾನು ಬದಲಾಯಿಸಿದ್ದು ಯಾವುದು ಅನ್ನುವ ಪಟ್ಟಿ. ನೋಂದಣಿ ಪುಸ್ತಕದಲ್ಲಿ ತಯಾರಿಕೆಯ ವರ್ಷ ತಿದ್ದಿಸಲು ಅರ್ಜಿ ಕೊಟ್ಟಿದ್ದೇನೆ. ಸದ್ಯಕ್ಕೆ 1965ರ ತಾರೀಕಿನ ಇನ್ನೂ ನಾಲ್ಕು ಚಕ್ರಗಳನ್ನು ಹುಡುಕುತ್ತಿದ್ದೇನೆ. ಮೊದಲು ಸಿಕ್ಕಿದ್ದನ್ನು ರಂಧ್ರವಿಲ್ಲದ ಆ ಹಳೆಯ ಚಕ್ರದ ಜಾಗಕ್ಕೆ ಹಾಕುತ್ತೇನೆ.