ದೊರೆ ಬಿದ್ದ ರಾತ್ರಿ: ಸ್ಕಾಟ್ಲೆಂಡಿನ ಮಠಗಳ ವೃತ್ತಾಂತಗಳನ್ನು ನಾನು ಓದಿದ ಬಗೆ

ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಸ್ಕಾಟ್ಲೆಂಡಿನ ದೊರೆ ಮೂರನೇ ಅಲೆಕ್ಸಾಂಡರ್ 1285ರ ಮಾರ್ಚ್ 19ರಂದು ಕುದುರೆಯಿಂದ ಬಿದ್ದು ಸತ್ತಿದ್ದ. ಅದೇ ಕರಡಿನ ಮುಂದಿನ ಪುಟದಲ್ಲಿ, 1285ರ ಶರತ್ಕಾಲದಲ್ಲಿ, ಅವನು ಫ್ರಾನ್ಸಿನ ಯೋಲಾಂಡಳನ್ನು ಮದುವೆಯಾಗಿದ್ದ. ಎರಡು ತೇದಿಗಳನ್ನೂ ನಾನೇ ಬರೆದಿದ್ದೆ, ಎರಡನ್ನೂ ಮಠಗಳ ಸನ್ಯಾಸಿಗಳು ವರ್ಷವಾರು ಬರೆದಿಟ್ಟ ವೃತ್ತಾಂತಗಳಿಂದಲೇ ಎತ್ತಿಕೊಂಡಿದ್ದೆ. ಮಾರ್ಗದರ್ಶಕರು ಎರಡರ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಏನೂ ಹೇಳದೆ ಹಿಂದಿರುಗಿಸಿದರು.

ಬರೆದಿಟ್ಟ ಸನ್ಯಾಸಿಗಳು ತಪ್ಪು ಮಾಡಿರಲಿಲ್ಲ. ಅವರ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ, ಮೇರಿಗೆ ದೇವದೂತ ಸುದ್ದಿ ತಂದ ಹಬ್ಬದ ದಿನ. ಜನವರಿ 1ರಿಂದ ವರ್ಷ ಎಣಿಸುವ ಕ್ರಮ ಸ್ಕಾಟ್ಲೆಂಡಿಗೆ ಬಂದದ್ದು 1600ರಲ್ಲಿ. ಹಾಗಾಗಿ ಅವರ 1285ರ ಮಾರ್ಚ್ 19 ನಮ್ಮ ಲೆಕ್ಕಕ್ಕೆ 1286. ಹೊಸ ವರ್ಷಕ್ಕೆ ಇನ್ನು ಆರೇ ದಿನ ಇದ್ದಾಗ ದೊರೆ ಸತ್ತ. ನಮ್ಮ ಶಾಸನಗಳ ಶಕವರ್ಷ ಗತವೋ (ಮುಗಿದದ್ದೋ) ವರ್ತಮಾನವೋ (ನಡೆಯುತ್ತಿದ್ದದ್ದೋ) ಎಂದು ತಿಥಿ ವಾರ ಹಿಡಿದು ನೋಡುವುದನ್ನು ಊರಿನಲ್ಲಿ ಓದುವಾಗಲೇ ಕಲಿತಿದ್ದೆ. ಆ ಎಚ್ಚರವನ್ನು ಲ್ಯಾಟಿನ್ ಪುಟದ ಮುಂದೆ ಮರೆತದ್ದು ನನಗೆ ಇಂದಿಗೂ ನೋವಿನ ಸಂಗತಿ. ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ತೇದಿಗೂ ಎರಡು ಕಾಲಂ: ಮೂಲದಲ್ಲಿ ಇರುವುದು, ನನ್ನ ಲೆಕ್ಕದಲ್ಲಿ ಬರುವುದು.

ಆಮೇಲೆ ಆ ಒಂದು ರಾತ್ರಿಯನ್ನೇ ಹಿಡಿದು ಕೂತೆ.

ಮೊದಲು ಹೋದದ್ದು ಮೆಲ್ರೋಸ್ ಮಠದ ವೃತ್ತಾಂತಕ್ಕೆ. 1136ರಲ್ಲಿ ದೊರೆ ಒಂದನೇ ಡೇವಿಡ್ ಸ್ಥಾಪಿಸಿದ ಸಿಸ್ಟರ್ಶಿಯನ್ ಪಂಥದ ಸನ್ಯಾಸಿಗಳ ಮಠ ಅದು. ಅದರ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಾನು ಓದಿದ್ದು 1936ರಲ್ಲಿ ಅಚ್ಚಾದ ಛಾಯಾಪ್ರತಿಯನ್ನು. ಅಲ್ಲಿ ಅಲೆಕ್ಸಾಂಡರನ ಸಾವು ಸಿಗಲಿಲ್ಲ, ಏಕೆಂದರೆ ಬರವಣಿಗೆ 1270ಕ್ಕೇ ನಿಂತುಹೋಗಿದೆ. ಆದರೂ ಓದುವುದನ್ನು ನನಗೆ ಕಲಿಸಿದ್ದು ಆ ಪ್ರತಿಯೇ. ಹಳೆಯ ವರ್ಷಗಳ ಭಾಗ ಇಂಗ್ಲೆಂಡಿನ ಹಳೆಯ ಸನ್ಯಾಸಿ ಇತಿಹಾಸಕಾರ ಬೀಡನಿಂದ, ಅಲ್ಲಿನ ಡರಮ್ ಊರಿನ ಗ್ರಂಥಗಳಿಂದ ನಕಲಾದದ್ದು. ಹನ್ನೆರಡನೇ ಶತಮಾನದ ಕೊನೆಯ ಹೊತ್ತಿಗೆ ಕೈಗಳು ಬದಲಾಗತೊಡಗುತ್ತವೆ. ಒಬ್ಬನ ಅಕ್ಷರ ದುಂಡು, ಮುಂದಿನವನದು ಇಕ್ಕಟ್ಟು. ಮತ್ತೊಬ್ಬ ಹಿಂದಿನ ವರ್ಷದ ಕೆಳಗೆ ಉಳಿದಿದ್ದ ಜಾಗಕ್ಕೆ ತನ್ನ ಸುದ್ದಿಯನ್ನು ತುರುಕಿದ್ದಾನೆ. ವರ್ಷದ ಅಂಕಿಯ ಕೆಳಗೆ ಇದೆ ಎಂದ ಮಾತ್ರಕ್ಕೆ ಆ ಸಾಲು ಆ ವರ್ಷ ಬರೆದದ್ದಲ್ಲ ಎಂಬುದು ಆ ತುರುಕಿದ ಸಾಲುಗಳನ್ನು ನೋಡಿದ ಮೇಲೆಯೇ ನನಗೆ ಮನದಟ್ಟಾಯಿತು. ಯಾವ ಕೈ, ಅದಕ್ಕಿಂತ ಮೊದಲು ಯಾವ ಕೈ, ಇವೆರಡರ ನಡುವೆ ಎಷ್ಟು ಕಾಲ ಕಳೆದಿರಬಹುದು ಎಂದು ಕೇಳದೆ ಒಂದು ವಾಕ್ಯವನ್ನೂ ನಾನು ಈಗ ಉದ್ಧರಿಸುವುದಿಲ್ಲ.

ದೊರೆಯ ಕೊನೆಯ ರಾತ್ರಿಯನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದು ಲಾನರ್ಕಾಸ್ಟ್ ವೃತ್ತಾಂತ. ಆ ಮಠ ಗಡಿಯ ಇಂಗ್ಲೆಂಡ್ ಬದಿಯದು. ಈ ಭಾಗವನ್ನು ಬರೆದವನು ಅದೇ ತಲೆಮಾರಿನ ಒಬ್ಬ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ ಎಂದು ವಿದ್ವಾಂಸರ ಅಭಿಪ್ರಾಯ. ಎಡಿನ್‌ಬರೋದಲ್ಲಿ ಊಟ ಮುಗಿಸಿದ ದೊರೆ ಬಿರುಗಾಳಿಯಲ್ಲೇ ಫೋರ್ತ್ ಕೊಲ್ಲಿಯ ಆಚೆಗಿದ್ದ ಹೊಸ ರಾಣಿಯ ಬಳಿಗೆ ಹೊರಡುತ್ತಾನೆ. ದೋಣಿಯವನು ಬೇಡವೆನ್ನುತ್ತಾನೆ. ನನ್ನ ಜೊತೆ ಸಾಯಲು ಭಯವೇ ಎಂದು ದೊರೆ ಕೇಳಿದಾಗ, ನಿಮ್ಮ ತಂದೆಯ ಮಗನೊಂದಿಗೆ ಸಾಯುವುದು ಒಳ್ಳೆಯದೇ ಎಂದು ಹೇಳಿ ಅವನು ದೋಣಿ ನಡೆಸುತ್ತಾನೆ. ಆಚೆ ದಡದ ಇನ್ವರ್‌ಕೀದಿಂಗಿನಲ್ಲಿ ಉಪ್ಪು ಕಾಯಿಸುವ ಕೊಪ್ಪರಿಗೆಗಳ ಅಧಿಕಾರಿ ಕತ್ತಲಲ್ಲಿ ದನಿಯಿಂದಲೇ ಗುರುತು ಹಿಡಿದು, ರಾತ್ರಿ ಇಲ್ಲೇ ಉಳಿಯಿರಿ ಎನ್ನುತ್ತಾನೆ. ದೊರೆ ಒಪ್ಪದೆ, ದಾರಿ ತೋರಲು ಇಬ್ಬರು ಆಳುಗಳನ್ನಷ್ಟೇ ಕೇಳುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ಎರಡನೆಯ ಸಲ ಓದುವಾಗ, ಆ ಮಾತುಗಳನ್ನು ಕೇಳಿಸಿಕೊಳ್ಳುವಷ್ಟು ಹತ್ತಿರ ಯಾರಿದ್ದರು ಎಂದು ಬರೆದಿಟ್ಟೆ: ದೋಣಿಯವನು, ಉಪ್ಪಿನ ಅಧಿಕಾರಿ, ಜೊತೆಗಿದ್ದ ಮೂವರು ಸವಾರರು. ಇದೇ ಲೇಖಕ, ಬಿರುಗಾಳಿ ಪ್ರವಾಹ ಯಾವುದನ್ನೂ ಲೆಕ್ಕಿಸದೆ ಈ ದೊರೆ ಗೃಹಿಣಿಯರು, ಸನ್ಯಾಸಿನಿಯರು, ವಿಧವೆಯರನ್ನು ಅರಸಿ ಹೋಗುತ್ತಿದ್ದ ಎಂದೂ ಬರೆಯುತ್ತಾನೆ. ಸಾವಿನ ಕಥೆಗೆ ಪಾಪದ ಮುನ್ನುಡಿ ಬೇಕಾಗಿತ್ತು. ಉಪದೇಶ ಮಾಡುವವರ ಕಥೆ ನಡೆಯುವುದೇ ಹಾಗೆ. ಫೋರ್ತ್ ದಡದಲ್ಲಿ ಉಪ್ಪು ಕಾಯಿಸುತ್ತಿದ್ದರು, ಆದ್ದರಿಂದ ಉಪ್ಪಿನ ಅಧಿಕಾರಿ ಇದ್ದ ಎಂದು ನಂಬುತ್ತೇನೆ. ಅವನ ಬಾಯಿಗೆ ಬಂದಿರುವ ಮಾತನ್ನು ನಂಬಲಾರೆ.

ಮೂರನೆಯವನು ವಾಲ್ಟರ್ ಬೌವರ್. ಫೋರ್ತ್ ಕೊಲ್ಲಿಯ ಇಂಚ್‌ಕೋಮ್ ದ್ವೀಪದ ಮಠಾಧಿಪತಿ. 1440ರ ದಶಕದಲ್ಲಿ, ಅಂದರೆ ಘಟನೆಯಾಗಿ ನೂರೈವತ್ತಕ್ಕೂ ಹೆಚ್ಚು ವರ್ಷದ ಮೇಲೆ, ಹದಿನಾರು ಸಂಪುಟಗಳ ಸ್ಕಾಟಿಕ್ರಾನಿಕಾನ್ ಎಂಬ ಸ್ಕಾಟ್ಲೆಂಡಿನ ಇತಿಹಾಸವನ್ನು ಬರೆದ. ಅವನಲ್ಲಿ ಸಾವಿನ ನೆರಳು ಮದುವೆಯ ಮನೆಗೇ ಬಂದುಬಿಡುತ್ತದೆ: ಜೆಡ್‌ಬರೋದ ಔತಣದ ಮೆರವಣಿಗೆಯ ಕೊನೆಯಲ್ಲಿ, ಮನುಷ್ಯನೋ ಭೂತವೋ ತಿಳಿಯದ ಆಕೃತಿಯೊಂದು ತೇಲಿ ಬಂದು ಮಾಯವಾಗುತ್ತದೆ. ಡನ್‌ಬಾರಿನಲ್ಲಿ ಥಾಮಸ್ ಎಂಬ ಕವಿ, ನಾಳೆ ಸ್ಕಾಟ್ಲೆಂಡ್ ಕಂಡರಿಯದ ಬಿರುಗಾಳಿ ಬೀಸುತ್ತದೆ ಎಂದು ಹಿಂದಿನ ದಿನವೇ ನುಡಿಯುತ್ತಾನೆ. ಬಂದದ್ದು ಗಾಳಿಯಲ್ಲ, ದೊರೆ ಸತ್ತ ಸುದ್ದಿ. ಬೌವರ್ ಬರೆಯುವ ಹೊತ್ತಿಗೆ ದೇಶ ಇಂಗ್ಲೆಂಡಿನೊಂದಿಗೆ ತಲೆಮಾರುಗಟ್ಟಲೆ ಯುದ್ಧ ಕಂಡಿತ್ತು, ಆ ಯುದ್ಧಗಳ ಬೇರನ್ನು ಜನ ಈ ಸಾವಿನಲ್ಲೇ ಹುಡುಕುತ್ತಿದ್ದರು. ಬೌವರನಿಗೂ ಯುದ್ಧದ ಭಯ ಪುಸ್ತಕದಿಂದ ತಿಳಿದದ್ದಲ್ಲ: 1421ರಲ್ಲಿ ಇಂಗ್ಲಿಷರ ಭಯದಿಂದ ಬೇಸಿಗೆಯಲ್ಲಿ ದ್ವೀಪ ಬಿಟ್ಟು ದಡದಲ್ಲಿದ್ದದ್ದನ್ನು ಅವನೇ ದಾಖಲಿಸಿದ್ದಾನೆ.

ಆದರೂ ಬೌವರನ ಬಗ್ಗೆ ನನಗೆ ದೊಡ್ಡ ಗೌರವ. ಅವನ ಮೊದಲ ಐದು ಸಂಪುಟಗಳಿಗೆ ಆಧಾರ ಅವನಿಗಿಂತ ಹಿಂದಿನ ವೃತ್ತಾಂತಕಾರ ಫೋರ್ಡನ್ನಿನ ಜಾನ್ ಬರೆದಿಟ್ಟದ್ದು. ಜಾನನ ಮಾತಿಗೆ ‘ಔಕ್ಟರ್’, ತಾನು ಸೇರಿಸಿದ್ದಕ್ಕೆ ‘ಸ್ಕ್ರಿಪ್ಟರ್’ ಎಂದು ಅಂಚಿನಲ್ಲಿ ಗುರುತು ಹಾಕುವ ಕ್ರಮವನ್ನು ಬೌವರ್ ಇಟ್ಟುಕೊಂಡ. ಕರ್ತೃ ಅವನು, ಲಿಪಿಕಾರ ನಾನು ಎಂದು ಅದರ ಅರ್ಥ. ಭೂತದ ಕಥೆಯನ್ನು ಹೇಳಿದವನೇ ಈ ಪ್ರಾಮಾಣಿಕತೆಯನ್ನೂ ಪಾಲಿಸಿದ.

ಒಂದು ಬೇಸಿಗೆಯಲ್ಲಿ ದೋಣಿ ಹತ್ತಿ ಇಂಚ್‌ಕೋಮಿಗೆ ಹೋದೆ. ಮಠದ ಗೋಡೆಯ ಬಳಿ ನಿಂತರೆ ಕೊಲ್ಲಿಯ ಉತ್ತರದ ಫೈಫ್ ದಡ ಎದುರಿಗೇ ಕಾಣುತ್ತದೆ. ಅದರ ಉದ್ದಕ್ಕೂ ಪೂರ್ವಕ್ಕೆ ಹೋದರೆ ಕಿಂಗ್‌ಹಾರ್ನ್, ದೊರೆ ಬಿದ್ದದ್ದು ಅದರ ಬಳಿಯೇ. ಆ ಸಂಜೆ ಅಲ್ಲೇ ಟಿಪ್ಪಣಿ ಪುಸ್ತಕ ತೆರೆದು ಆ ರಾತ್ರಿಯ ಪುಟವನ್ನು ಮತ್ತೆ ಬರೆದೆ. ಎಡಗಡೆ: 1286ರ ಮಾರ್ಚ್ 19, ಕಿಂಗ್‌ಹಾರ್ನ್ ಬಳಿ ಬಿದ್ದು ಸಾವು, ಡನ್‌ಫರ್ಮ್‌ಲಿನ್ ಮಠದಲ್ಲಿ ಸಮಾಧಿ. ಬಲಗಡೆ: ದೋಣಿಯವನು, ಉಪ್ಪಿನ ಅಧಿಕಾರಿ, ಔತಣದ ಭೂತ, ಥಾಮಸನ ಗಾಳಿ, ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಬರೆದವನು ಯಾರು, ಎಷ್ಟು ವರ್ಷದ ಮೇಲೆ ಬರೆದ ಎಂಬ ಲೆಕ್ಕ. ಬಲಗಡೆಯ ಪಟ್ಟಿ ಮುಂದಿನ ಪುಟಕ್ಕೂ ಹರಿಯಿತು.